ಕಣ್ಣೂರು ಕೋಟೆಯ ಬೆನ್ನಿಗೆ ಕೊಡಗಿತ್ತು, ಅದನ್ನೂ ಬರೀರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಕಣ್ಣೂರಿನ ಸೇಂಟ್ ಆಂಜೆಲೋ ಕೋಟೆ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಫೋಟೋ ಎಲ್ಲ ಚೆನ್ನಾಗಿ ಬಂದಿದಾವೆ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಮೇಲೆ ಹೇಗೆ ಹೋಗೋದು, ಎಲ್ಲಿ ಊಟ ಮಾಡೋದು, ಸೂರ್ಯಾಸ್ತಕ್ಕೆ ಎಷ್ಟೊತ್ತಿಗೆ ತಲುಪ್ಬೇಕು ಅಂತೆಲ್ಲ ಬರ್ದಿದೀರಿ, ಫ್ಯಾಮಿಲಿ ಕರ್ಕೊಂಡು ಹೋಗೋರಿಗೆ ಉಪಯೋಗ ಆಗತ್ತೆ. ಆದ್ರೆ ಕೋಟೆ ಗೋಡೆ ಮೇಲೆ ಸಮುದ್ರದ ಕಡೆ ಮೂತಿ ಮಾಡಿ ನಿಂತಿರೋ ತೋಪುಗಳ ಬಗ್ಗೆ ಒಂದೇ ಒಂದು ಸಾಲು, ಅದೂ ಅಲ್ಲಿ ನಿಂತು ಫೋಟೋ ತೆಗಿಸ್ಕೊಂಡ್ರೆ ಚೆನ್ನಾಗಿರತ್ತೆ ಅಂತ. ನಾನು ತೋಪ್‌ಖಾನೆಯಲ್ಲಿ ಸರ್ವಿಸ್ ಮಾಡಿ ರಿಟೈರ್ ಆಗಿ ಈಗ ಊರಲ್ಲಿ ಕಾಫಿ, ಕರಿಮೆಣಸು ನೋಡ್ಕೊಂಡು ಇರೋನು. ನಮಗೆ ಗನ್ ಅಂದ್ರೆ ಕಬ್ಬಿಣದ ಸಾಮಾನಲ್ಲ. ಇನ್‌ಫೆಂಟ್ರಿಯವರಿಗೆ ಅವರ ಪಲ್ಟನ್ ನಿಶಾನ್ ಹೇಗೋ ಗನ್ನರ್‌ಗೆ ಅವನ ಗನ್ ಹಾಗೆ, ಅದನ್ನ ಬಿಟ್ಟು ಬರೋದು ಅಂದ್ರೆ ಮಾನ ಬಿಟ್ಟಂಗೆ. ಅದಕ್ಕೇ ಆ ಒಂದು ಸಾಲು ಓದಿ ಸುಮ್ನಿರೋಕೆ ಆಗ್ಲಿಲ್ಲ. ಪತ್ರ ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಹೇಳೋಕೆ ಹೊರಟಿರೋದು ಇಷ್ಟು. ಆ ಕೋಟೆಯ ತೋಪುಗಳ ಚರಿತ್ರೆ ಕಣ್ಣೂರಿಗೆ ಮಾತ್ರ ಸೇರಿದ್ದಲ್ಲ, ಅದರ ಅರ್ಧ ಕೊಡಗಿಂದು. ಸಮುದ್ರದ ಕಡೆ ನೋಡೋ ತೋಪಿಗೆ ಬೆನ್ನು ಅಂತ ಒಂದಿರತ್ತಲ್ಲ, ಕಣ್ಣೂರು ತಲಶ್ಶೇರಿ ತೋಪುಗಳಿಗೆ ಆ ಬೆನ್ನು ನಮ್ಮ ಬೆಟ್ಟ, ನಮ್ಮ ಘಾಟಿ. ಆ ಘಾಟಿ ಮೇಲೆ ದಿನಾ ಬಸ್ಸಲ್ಲಿ ಇಳಿಯೋ ಹತ್ತೋ ನಮ್ಮ ಮಕ್ಕಳಿಗೇ ಅದು ಗೊತ್ತಿಲ್ಲ.

ಮೊದಲು ಕೋಟೆ ವಿಷಯ. 1505ರಲ್ಲಿ ಪೋರ್ಚುಗೀಸರ ಮೊದಲನೇ ವೈಸರಾಯ್ ಫ್ರಾನ್ಸಿಸ್ಕೋ ಡಿ ಅಲ್ಮೇಡ ಅದನ್ನ ಕಟ್ಟಿಸೋಕೆ ಶುರು ಮಾಡಿದ್ದು. ಜಾಗ ಆರಿಸ್ಕೊಂಡಿದ್ದು ನೋಡಿದ್ರೇ ಗೊತ್ತಾಗತ್ತೆ ಅವರಿಗೆ ತೋಪಿನ ಲೆಕ್ಕ ಎಷ್ಟು ಚೆನ್ನಾಗಿ ಗೊತ್ತಿತ್ತು ಅಂತ. ನೆಲ ಮೂಲೆಯಾಗಿ ಸಮುದ್ರದೊಳಗೆ ಚಾಚ್ಕೊಂಡಿದೆ, ಪಕ್ಕದಲ್ಲಿ ಮಾಪಿಳ್ಳಾ ಬೇ ಅನ್ನೋ ಹಳೇ ಬಂದರು, ಆ ಬಂದರಿಗೆ ಬರೋ ಯಾವ ಹಡಗೇ ಆಗ್ಲಿ ಈ ಮೂಲೆಯ ತೋಪಿನ ಮುಂದೇನೇ ಹಾದು ಬರ್ಬೇಕು. ನೆಲದ ಕಡೆ ಉಳಿದಿದ್ದು ಒಂದೇ ಬದಿ, ಅಲ್ಲಿ ಕಂದಕ ತೋಡಿದ್ರು. ಕಟ್ಟಿದ್ದು ಕೆಂಪು ಮುರಕಲ್ಲಲ್ಲಿ, ಕರಾವಳಿಯಲ್ಲಿ ಮನೆ ಕಟ್ಟೋ ಅದೇ ಕಲ್ಲು. ಕರಿಗಲ್ಲಿನ ಗೋಡೆಗೆ ಕಬ್ಬಿಣದ ಗುಂಡು ಬಡಿದ್ರೆ ಚೂರು ಚೂರಾಗಿ ಹಾರಿ ಒಳಗಿರೋ ಜನರಿಗೇ ಹೊಡಿಯತ್ತೆ, ಮುರಕಲ್ಲು ಮೆತ್ತಗೆ, ದಪ್ಪಕ್ಕೆ ಕಟ್ಟಿದ್ರೆ ಗುಂಡನ್ನ ನುಂಗ್ಕೊಳ್ಳತ್ತೆ. ಬೇಕಂತಲೇ ಮಾಡಿದ್ರೋ ಸಿಕ್ಕಿದ ಕಲ್ಲಲ್ಲಿ ಕಟ್ಟಿದ್ರೋ, ಲಾಭ ಅಂತೂ ಆಯ್ತು.

ಕಟ್ಟಿ ಎರಡೇ ವರ್ಷಕ್ಕೆ, 1507ರಲ್ಲಿ, ಕಣ್ಣೂರು ಸೀಮೆಯ ಕೋಲತ್ತಿರಿ ರಾಜ ಮುತ್ತಿಗೆ ಹಾಕಿದ್ರು, ಕಲ್ಲಿಕೋಟೆಯ ಸಾಮೂದಿರಿ ಸಹಾಯ ಬೇರೆ. ನಾಲ್ಕು ತಿಂಗಳು ನಡೀತು ಅದು, ಮಳೆಗಾಲ ಪೂರ್ತಿ. ಒಳಗಿದ್ದೋರಿಗೆ ತಿನ್ನೋಕೆ ಏನೂ ಇಲ್ಲದ ಹೊತ್ತಲ್ಲಿ ಅಲೆಗಳ ಜೊತೆ ರಾಶಿ ರಾಶಿ ಸಿಗಡಿ ಜಾತಿಯ ಜೀವಿಗಳು ದಡಕ್ಕೆ ಬಂದು ಬಿದ್ದು ಜೀವ ಉಳೀತು ಅಂತ ಪೋರ್ಚುಗೀಸರ ಕಡೆಯ ಕಥೆ ಇದೆ. ಕೊನೆಗೆ ಆಗಸ್ಟಲ್ಲಿ ಟ್ರಿಸ್ಟಾವೋ ಡ ಕುನ್ಹಾನ ಹಡಗುಗಳು ಬಂದ ಮೇಲೆ ಮುತ್ತಿಗೆ ಮುರೀತು. ಈ ಕಥೆಯಲ್ಲಿ ಗಮನಿಸ್ಬೇಕಾದ್ದು ಒಂದು: ಕೋಟೆಗೆ ಅಪಾಯ ಬಂದಿದ್ದು ಸಮುದ್ರದ ಕಡೆಯಿಂದ ಅಲ್ಲ, ನೆಲದ ಕಡೆಯಿಂದ. ಇದನ್ನ ನೆನಪಿಟ್ಕೊಳ್ಳಿ, ಮುಂದೆಲ್ಲ ಹಾಗೇ ಆಗತ್ತೆ.

1663ರಲ್ಲಿ ಡಚ್ಚರು ಕಿತ್ಕೊಂಡ್ರು. ಹಳೇ ಗೋಪುರಗಳನ್ನ ಕೆಡವಿ ಹೊಸ ಥರದ ಕೊತ್ತಲ ಕಟ್ಟಿದ್ರು, ಅವಕ್ಕೆ ತಮ್ಮ ದೇಶದ ಪ್ರಾಂತ್ಯಗಳ ಹೆಸರಿಟ್ರು, ಹಾಲಂಡಿಯಾ, ಝೀಲಂಡಿಯಾ, ಫ್ರೀಸ್‌ಲಂಡಿಯಾ ಅಂತ. ಈಗ ನಾವು ಹೋಗಿ ನೋಡೋದು ಬಹುಪಾಲು ಆ ಡಚ್ಚರ ಕೊತ್ತಲಗಳನ್ನೇ. ಅವರಿಗೂ ವ್ಯಾಪಾರ ಗಿಟ್ಲಿಲ್ಲ ಅನ್ಸತ್ತೆ, 1772ರಲ್ಲಿ ಕಣ್ಣೂರಿನ ಮುಸ್ಲಿಂ ರಾಜಮನೆತನ ಅರಕ್ಕಲ್‌ನ ಆಲಿ ರಾಜನಿಗೆ ಕೋಟೆ ಮಾರಿದ್ರು. ಅರಕ್ಕಲ್ ಮನೆತನ ಹೈದರ್, ಟಿಪ್ಪು ಕಡೆ ಇತ್ತು. 1790ರ ಡಿಸೆಂಬರಲ್ಲಿ, ಟಿಪ್ಪು ಮೇಲಿನ ಯುದ್ಧದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೈನ್ಯದ ಜನರಲ್ ರಾಬರ್ಟ್ ಅಬರ್‌ಕ್ರೋಂಬಿ ತಲಶ್ಶೇರಿಗೆ ಬಂದಿಳಿದು, ಅಲ್ಲಿಂದ ನೆಲದ ಮೇಲೆ ನಡ್ಕೊಂಡು ಬಂದು ಕಣ್ಣೂರು ಹಿಡಿದ. ಸಮುದ್ರದ ಕಡೆ ಮೂತಿ ಇಟ್ಟ ತೋಪುಗಳು ಆ ಕೆಲಸಕ್ಕೆ ಬರ್ಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿಸಿ ಕರಾವಳಿ ತೋಪು ಅಂದ್ರೆ ಹೇಗೆ ಕೆಲಸ ಮಾಡತ್ತೆ ಅಂತ ಹೇಳ್ಬೇಕು, ಯಾಕಂದ್ರೆ ಅಲ್ಲಿ ಫೋಟೋ ತೆಗೆಯೋ ಹುಡುಗರು ಇದನ್ನ ಕೇಳ್ತಾರೆ, ಹೇಳೋರು ಯಾರೂ ಇರಲ್ಲ. ಹಡಗಿನ ಮೇಲಿರೋ ತೋಪಿಗೂ ದಡದ ತೋಪಿಗೂ ಇರೋ ದೊಡ್ಡ ವ್ಯತ್ಯಾಸ ಅಂದ್ರೆ ದಡ ಅಲ್ಲಾಡಲ್ಲ. ಹಡಗು ಅಲೆಗೆ ಏಳತ್ತೆ ಇಳಿಯತ್ತೆ, ಬತ್ತಿಗೆ ಬೆಂಕಿ ಇಟ್ಟ ಹೊತ್ತಿಗೂ ಗುಂಡು ಹೊರಡೋ ಹೊತ್ತಿಗೂ ನಡುವೆ ಗುರಿ ತಪ್ಪಿ ಹೋಗತ್ತೆ. ದಡದಲ್ಲಿರೋ ಗೋಲಂದಾಜ್‌ಗೆ, ಅಂದ್ರೆ ತೋಪು ಹಾರಿಸೋನಿಗೆ, ಆ ತೊಂದ್ರೆ ಇಲ್ಲ, ಅವನಿಗೆ ತನ್ನ ಮುಂದಿನ ನೀರಿನ ಒಂದೊಂದು ಬಂಡೆಯ ದೂರಾನೂ ಗೊತ್ತು, ಯಾವ ಬಂಡೆ ಹತ್ರ ಹಡಗು ಬಂದ್ರೆ ಮೂತಿ ಎಷ್ಟು ಎತ್ಬೇಕು ಅಂತ ಮೊದಲೇ ಹೊಡೆದು ನೋಡಿಟ್ಕೊಂಡಿರ್ತಾನೆ. ನಾವು ಈಗ್ಲೂ ಟಾರ್ಗೆಟ್ ರಿಜಿಸ್ಟರ್ ಮಾಡೋದು ಅಂತೀವಲ್ಲ, ಅದೇ ಕೆಲಸ. ಮೂತಿ ತಗ್ಗಿಸಿ ಹೊಡೆದ್ರೆ ಗುಂಡು ಕೆರೆ ನೀರಿಗೆ ಎಸೆದ ಚಪ್ಪಟೆ ಕಲ್ಲಿನ ಥರ ನೀರ ಮೇಲೆ ಕುಪ್ಪಳಿಸ್ಕೊಂಡು ಹೋಗಿ ಹಡಗಿನ ಪಕ್ಕೆಗೆ ಬಡಿಯತ್ತೆ, ಸ್ವಲ್ಪ ಕಡಿಮೆ ದೂರ ಅಂದಾಜು ಮಾಡಿದ್ರೂ ನಷ್ಟ ಇಲ್ಲ. ಇನ್ನೊಂದು, ಗುಂಡನ್ನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಹೊಡೀತಿದ್ರು, ಮರದ ಹಡಗಿಗೆ ಅದು ಹೊಕ್ಕರೆ ಒಳಗಿಂದ ಬೆಂಕಿ ಹತ್ಕೊಳ್ತಿತ್ತು. ಮದ್ದಿಗೂ ಕಾದ ಗುಂಡಿಗೂ ನಡುವೆ ಒದ್ದೆ ತುಂಡು ಒಂದು ತುರುಕಿ, ಅದು ಒಣಗೋದ್ರೊಳಗೆ ಹಾರಿಸ್ಬೇಕು. ಆ ಕೆಲಸ ಮಾಡೋರ ಗುಂಡಿಗೆ ಎಂಥದಿರ್ಬೇಕು ಯೋಚ್ನೆ ಮಾಡಿ. ಹಡಗಲ್ಲಿ ಅದನ್ನ ಮಾಡೋಕೆ ಹೆದರ್ತಿದ್ರು, ದಡದಲ್ಲಿ ಮಾಡ್ಬಹುದಿತ್ತು.

ತೋಪು ಓದೋದು ಹೇಗೆ ಅಂತಾನೂ ಹೇಳ್ತೀನಿ, ಮುಂದಿನ ಸಲ ಯಾವ ಕೋಟೆಗೆ ಹೋದ್ರೂ ಮಕ್ಕಳಿಗೆ ತೋರ್ಸಿ. ಮೂತಿ ಕಡೆ ನೋಡೋದನ್ನ ಬಿಟ್ಟು ಹಿಂದೆ ಬನ್ನಿ. ಬ್ರಿಟಿಷರ ಹಳೇ ತೋಪುಗಳಲ್ಲಿ ಬೆನ್ನ ಮೇಲೆ ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಅಕ್ಷರ ಇರತ್ತೆ, ಕಂಪನಿ ತೋಪಾದ್ರೆ ಕಂಪನಿ ಮುದ್ರೆ, ಡಚ್ಚರದ್ದಾದ್ರೆ ಅವರ ಕಂಪನಿಯ ವಿ ಒ ಸಿ ಅಕ್ಷರ ಮೂರೂ ಹೆಣೆದ ಮುದ್ರೆ. ಬತ್ತಿ ಇಡೋ ತೂತಿನ ಹತ್ರ ಮೂರು ಸಂಖ್ಯೆ ಕೊರೆದಿರೋದು ಸಿಕ್ಕಿದ್ರೆ ಅದು ಇಸವಿ ಅಲ್ಲ, ತೂಕ. ಮೊದಲನೇದು 112 ಪೌಂಡಿನ ಲೆಕ್ಕ, ಎರಡನೇದು 28 ಪೌಂಡಿಂದು, ಮೂರನೇದು ಬಿಡಿ ಪೌಂಡು. ಅಂದ್ರೆ 40-2-10 ಅಂತಿದ್ರೆ 4,546 ಪೌಂಡು, ನಮ್ಮ ಲೆಕ್ಕದಲ್ಲಿ ಎರಡು ಟನ್ನಿನ ಮೇಲೆ ಅರವತ್ತು ಕೆಜಿ. ಇದು ಬರೀ ಕೊಳವೆ ತೂಕ, ಗಾಡಿ ಬೇರೆ. ಎಷ್ಟೋ ಕಡೆ ಈ ಗುರುತುಗಳ ಮೇಲೆ ದಪ್ಪಗೆ ಕರಿ ಪೇಂಟ್ ಬಳಿದಿರ್ತಾರೆ, ಹೊಳೀಲಿ ಅಂತ. ಒಂದು ಊರಲ್ಲಿ, ಹೆಸರು ಬೇಡ, ನಾನೇ ನೋಡಿದ್ದು, ಮುದ್ರೆ ಇರೋ ಜಾಗದಲ್ಲೇ ಪೇಂಟ್ ಮೇಲೆ ಪೇಂಟ್ ಕೂತು ಬೆರಳಲ್ಲಿ ತಡವಿದ್ರೂ ಕಿರೀಟ ಗೊತ್ತಾಗ್ತಿರ್ಲಿಲ್ಲ, ಕೆಳಗೆ ಉಪ್ಪುಗಾಳಿಗೆ ಕಬ್ಬಿಣ ಪದರ ಪದರ ಏಳ್ತಿತ್ತು, ಮೇಲೆ ಮಾತ್ರ ಹೊಳಪು. ಹೊಟ್ಟೆ ಉರಿಯತ್ತೆ ಸಾರ್. ತುಕ್ಕು ತೆಗೆದು ಉಪ್ಪು ಹೋಗೋ ಹಾಗೆ ತೊಳೆದು ಆಮೇಲೆ ತೆಳ್ಳಗೆ ಲೇಪ ಕೊಡ್ಬೇಕು, ಹಾಗೇ ಪೇಂಟ್ ಮಾಡಿದ್ರೆ ಒಳಗಿಂದ ತಿಂತಾ ಹೋಗತ್ತೆ.

ಈಗ ಕೊಡಗಿನ ಮಾತಿಗೆ ಬರ್ತೀನಿ. ಕೊಳವೆ ಒಂದಕ್ಕೇ ಎರಡು ಟನ್ ಅಂದೆನಲ್ಲ, ಅದು ಸುಮಾರು ಹದಿನೆಂಟು ಪೌಂಡ್ ಗುಂಡಿನ ತೋಪಿನ ತೂಕ, ಗುಂಡು ಒಂದೊಂದೂ ಎಂಟು ಕೆಜಿ ಚಿಲ್ಲರೆ. ಕೋಟೆ ಗೋಡೆ ಒಡಿಯೋಕೆ ಅಷ್ಟು ದೊಡ್ಡ ತೋಪೇ ಬೇಕು. ಅಬರ್‌ಕ್ರೋಂಬಿಗೆ ಅಂಥ ತೋಪುಗಳನ್ನ ಶ್ರೀರಂಗಪಟ್ಟಣದ ತನಕ ಎಳ್ಕೊಂಡು ಹೋಗ್ಬೇಕಿತ್ತು, ಆ ಕಡೆಯಿಂದ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬರ್ತಾನೆ ಈ ಕಡೆಯಿಂದ ಇವನು ಹೋಗಿ ಸೇರ್ಬೇಕು ಅಂತ ಪ್ಲಾನು. ನಡುವೆ ಇದ್ದಿದ್ದು ಬ್ರಹ್ಮಗಿರಿ ಬೆಟ್ಟ, ಕಾಡು, ಹೊಳೆ. ಅದಕ್ಕಾಗೇ ಕಂಪನಿಯವರು 1790ರ ಅಕ್ಟೋಬರಲ್ಲೇ ಕೊಡಗಿನ ದೊಡ್ಡ ವೀರರಾಜೇಂದ್ರನ ಜೊತೆ ಒಪ್ಪಂದ ಮಾಡ್ಕೊಂಡಿದ್ರು. ಎರಡು ವರ್ಷದ ಹಿಂದಷ್ಟೇ, 1788ರಲ್ಲಿ, ಪಿರಿಯಾಪಟ್ಟಣದಲ್ಲಿದ್ದ ಟಿಪ್ಪುವಿನ ಸೆರೆಯಿಂದ ತಪ್ಪಿಸ್ಕೊಂಡು ಬಂದು ನಾಡನ್ನ ವಾಪಸ್ ಕಟ್ತಿದ್ದ ರಾಜ ಅವನು. ದಾರಿ ಕೊಟ್ಟ, ಅಕ್ಕಿ ಕೊಟ್ಟ, ದನ ಕೊಟ್ಟ, ಜನ ಕೊಟ್ಟ. 1791ರ ಶುರುವಲ್ಲಿ ಬಾಂಬೆ ಸೈನ್ಯ ಹೆಗ್ಗಳ ಘಾಟಿ ಹತ್ತಿ ಕೊಡಗಿಗೆ ಬಂತು.

ನಾನು ಸರ್ವಿಸಲ್ಲಿ ಗನ್ ಎಳೆದಿದೀನಿ, ವೆಹಿಕಲ್ ಹೋಗದ ಕಡೆ ಡ್ರ್ಯಾಗ್ ರೋಪ್ ಹಾಕಿ ಕೈಯಲ್ಲೇ ಎಳೆಯೋದು ಅಂದ್ರೆ ಏನು ಅಂತ ನನ್ನ ಭುಜಕ್ಕೆ ಗೊತ್ತು. ಗನ್ ಹತ್ತೋವಾಗ ಎಳೆಯೋದಕ್ಕಿಂತ ಕಷ್ಟದ ಕೆಲಸ ಅದು ಹಿಂದೆ ಜಾರದ ಹಾಗೆ ನೋಡ್ಕೊಳ್ಳೋದು, ಚಕ್ರದ ಹಿಂದೆ ಮರದ ಕಟ್ಟೆ ಇಡ್ತಾ ಇಡ್ತಾ ಹೋಗ್ಬೇಕು, ಇಡೋನು ಕೈ ತೆಗಿಯೋದು ಒಂದು ಸೆಕೆಂಡ್ ತಡ ಆದ್ರೆ ಬೆರಳು ಹೋಯ್ತು. ಮುಂದೆ ಹತ್ತಾರು ಎತ್ತು ಕಟ್ಟಿರ್ತಾರೆ, ತಿರುವಿನಲ್ಲಿ ಮುಂದಿನ ಎತ್ತುಗಳು ಆಚೆ ತಿರುಗಿದ್ರೆ ಹಿಂದಿನವು ಇನ್ನೂ ಈಚೆ, ಎಲ್ಲ ಒಂದೇ ಕಡೆ ಬಲ ಹಾಕೋಕೆ ಆಗಲ್ಲ, ಅಲ್ಲಿ ಜನಾನೇ ಎಳೀಬೇಕು. ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯೋವಾಗ ತಿರುವು ಎಷ್ಟಿದಾವೆ ನೀವೇ ನೋಡಿದೀರಿ, ಈಗಿನ ರೋಡಲ್ಲೇ ಲಾರಿ ಸಿಕ್ಕಾಕ್ಕೊಂಡ್ರೆ ಗಂಟೆಗಟ್ಲೆ ಬ್ಲಾಕು. ಆಗ ರೋಡೇ ಇರ್ಲಿಲ್ಲ, ಮರ ಕಡಿದು ದಾರಿ ಮಾಡ್ಕೊಂಡು ಹತ್ತಿದ್ದು. ಆ ಹಗ್ಗ ಹಿಡಿದೋರ, ಅಕ್ಕಿ ಮೂಟೆ ಹೊತ್ತೋರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಜನರಲ್‌ಗಳ ಹೆಸರು ಎಲ್ಲ ಪುಸ್ತಕದಲ್ಲೂ ಇದೆ.

ಅಷ್ಟು ಕಷ್ಟಪಟ್ಟು ಮೇ ತಿಂಗಳಲ್ಲಿ ಪಿರಿಯಾಪಟ್ಟಣದ ತನಕ ಹೋದ್ರು, ಆದ್ರೆ ಆ ಕಡೆ ಕಾರ್ನ್‌ವಾಲಿಸ್‌ಗೆ ತಿನ್ನೋಕಿಲ್ಲ, ಎತ್ತುಗಳು ಸತ್ತು ತೋಪು ಎಳೆಯೋಕಾಗದೆ ತನ್ನ ದೊಡ್ಡ ತೋಪುಗಳನ್ನ ತಾನೇ ಒಡೆದು ಹಾಕಿ ಬೆಂಗಳೂರಿಗೆ ವಾಪಸ್ ಹೊರಟ. ಅಬರ್‌ಕ್ರೋಂಬಿಗೂ ವಾಪಸ್ ಹೋಗು ಅಂತ ಆರ್ಡರ್ ಬಂತು. ಮೇ ಕೊನೆ, ಜೂನ್‌ಗೆ ನಮ್ಮಲ್ಲಿ ಮಳೆ ಹಿಡಿದ್ರೆ ಆ ಘಾಟಿ ಹೇಗಿರತ್ತೆ ಅಂತ ಕೊಡಗಿನೋರಿಗೆ ಹೇಳ್ಬೇಕಾಗಿಲ್ಲ, 2018ರ ಮಳೆಗಾಲದಲ್ಲಿ ಅದೇ ಮಾಕುಟ್ಟದಲ್ಲಿ ಗುಡ್ಡ ಕುಸಿದಿದ್ದು ನೋಡಿದೀವಿ. ಮತ್ತೆ ಒಣ ಕಾಲ ಬರೋ ತನಕ ಕಾದು ಮತ್ತೆ ಹತ್ತಿ, 1792ರ ಫೆಬ್ರವರಿಯಲ್ಲಿ ಅಬರ್‌ಕ್ರೋಂಬಿ ಶ್ರೀರಂಗಪಟ್ಟಣ ಸೇರ್ಕೊಂಡ.

ವಿರಾಜಪೇಟೆ ಜನ ಇದನ್ನ ಗಮನ ಕೊಟ್ಟು ಓದ್ಬೇಕು. ನಮ್ಮ ಪೇಟೆ ಹುಟ್ಟಿದ್ದೇ ಇದರಿಂದ. 1791ರಲ್ಲಿ ಅಬರ್‌ಕ್ರೋಂಬಿಯನ್ನ ಭೇಟಿ ಮಾಡಿದ ನೆನಪಿಗೆ ದೊಡ್ಡ ವೀರರಾಜೇಂದ್ರ 1792ರಲ್ಲಿ ತನ್ನ ಹೆಸರಲ್ಲೇ ವೀರರಾಜೇಂದ್ರಪೇಟೆ ಕಟ್ಟಿಸಿದ. ಗಡಿಯಾರ ಕಂಬದ ಹತ್ರ ನಿಂತು ಈ ಊರು ಯಾಕೆ ಇಲ್ಲಿದೆ ಅಂತ ಕೇಳಿದ್ರೆ ಉತ್ತರ ಸಮುದ್ರದ ಕಡೆ ಹೋಗತ್ತೆ: ಕಣ್ಣೂರಿಂದ ತೋಪು ಹತ್ತಿ ಬಂದ ದಾರಿಯ ಮೇಲೆ ಇದೆ, ಅದಕ್ಕೇ ಇದೆ. ಇದನ್ನ ನಮ್ಮ ಶಾಲೆಗಳಲ್ಲಿ ಹೇಳಿಕೊಡೋದು ನಾನು ಕೇಳಿಲ್ಲ.

ಆ ಕಾಲದ್ದೇ ಇನ್ನೊಂದು ಕಥೆ, ಹೇಳದೆ ಇರೋಕೆ ಮನಸ್ಸಾಗಲ್ಲ. ಮಡಿಕೇರಿ ಕೋಟೆ ಇನ್ನೂ ಟಿಪ್ಪು ಕಡೆಯವರ ಕೈಲಿದ್ದಾಗ ಅದಕ್ಕೆ ದಿನಸಿ ತಗೊಂಡು ಕಾದರ್ ಖಾನ್ ಅನ್ನೋ ಸರದಾರ ಬರ್ತಿದ್ದ, ರಾಜನ ಜನ ಅವನನ್ನ ಸುತ್ತುವರಿದ್ರು. ಹಿಂದೆ ಪಿರಿಯಾಪಟ್ಟಣದಲ್ಲಿ ಸೆರೆ ಇದ್ದಾಗ ಇದೇ ಕಾದರ್ ಖಾನ್ ರಾಜನ ಮನೆ ಹೆಣ್ಮಕ್ಕಳ ಮಾನ ಕಾಪಾಡಿದ್ದ. ಆ ಋಣಕ್ಕೆ ವೀರರಾಜೇಂದ್ರ ಅವನನ್ನ ದಿನಸಿ ಸಮೇತ ಕೋಟೆಗೆ ಹೋಗೋಕೆ ಬಿಟ್ಟ. ಇಂಗ್ಲಿಷರಿಗೆ ಇದೇನಪ್ಪ ಅಂತ ಆಶ್ಚರ್ಯ. ದಿನಸಿ ಮುಗಿದ ಮೇಲೆ ಕೋಟೆ ಹೇಗೂ ರಾಜನ ಕೈಗೆ ಬಂತು, ಗೋಡೆ ಒಡಿಯೋಕೆ ತೋಪೇ ಬೇಕಾಗ್ಲಿಲ್ಲ.

1799ರಲ್ಲಿ ಮತ್ತೊಂದ್ಸಲ. ಫೆಬ್ರವರಿಯಲ್ಲಿ ಜನರಲ್ ಸ್ಟುವರ್ಟ್ ಬಾಂಬೆ ಸೈನ್ಯ ತಗೊಂಡು ಕಣ್ಣೂರಿಂದ ಹೊರಟು ಕೊಡಗು ಹತ್ತಿದ. ಮಾರ್ಚ್ 6ಕ್ಕೆ ಸಿದ್ದೇಶ್ವರದ ಹತ್ರ ಟಿಪ್ಪು ತಾನೇ ಬಂದು ಮೇಲೆ ಬಿದ್ದ, ಯುದ್ಧ ಆಯ್ತು, ಟಿಪ್ಪುನೇ ಹಿಂದೆ ಸರೀಬೇಕಾಯ್ತು, ಎರಡು ತಿಂಗಳಿಗೆ ಶ್ರೀರಂಗಪಟ್ಟಣ ಬಿತ್ತು. ಆಗ್ಲೂ ಕಣ್ಣೂರು ಕೋಟೆ ಬಾಗಿಲು, ಕೊಡಗು ಮೆಟ್ಟಿಲು.

ಆದ್ರೆ ನನ್ನ ಮನಸ್ಸನ್ನ ಹೆಚ್ಚು ಕಾಡೋದು 1834. ಸ್ನೇಹದಲ್ಲಿ ನಾವೇ ತೆರೆದು ಕೊಟ್ಟ ದಾರಿ ಅದು. ಆ ವರ್ಷ ಏಪ್ರಿಲ್ ಮೊದಲ ವಾರ ಕಂಪನಿ ಸೈನ್ಯ ನಾಲ್ಕು ದಿಕ್ಕಿಂದ ಕೊಡಗಿನ ಮೇಲೆ ಬಂತು, ಪಶ್ಚಿಮದ ಕಡೆಯ ತುಕಡಿ ಕರ್ನಲ್ ಫೌಲಿಸ್ ಕೈಕೆಳಗೆ ಕಣ್ಣೂರಿಂದ ಹೊರಟು ಅದೇ ಹೆಗ್ಗಳ ಘಾಟಿ ಹತ್ತಿತು. ಈ ಸಲ ಘಾಟಿಯಲ್ಲಿ ಅಕ್ಕಿ ಮೂಟೆ ಇಟ್ಕೊಂಡು ಕಾಯ್ತಿದ್ದೋರು ಯಾರೂ ಇಲ್ಲ, ಮರದ ದಿಮ್ಮಿ ಅಡ್ಡ ಹಾಕಿ ಕೋವಿ ಹಿಡಿದು ಕೂತಿದ್ರು ನಮ್ಮೋರು. ಒಂದೊಂದು ತಡೆಯನ್ನೂ ಬಡಿದಾಡಿ ಬಿಡಿಸ್ಕೊಂಡೇ ಫೌಲಿಸ್ ಮೇಲೆ ಬರ್ಬೇಕಾಯ್ತು. ಉತ್ತರದ ಕಡೆ ಕರ್ನಲ್ ವಾ ತುಕಡಿಯನ್ನಂತೂ ಕೊಡಗಿನ ಜನ ಭಾರೀ ಪೆಟ್ಟು ಕೊಟ್ಟು ಹಿಂದಕ್ಕೆ ತಳ್ಳಿದ್ರು. ಆದ್ರೆ ಪೂರ್ವದಿಂದ ಬಂದ ತುಕಡಿ ಏಪ್ರಿಲ್ 6ಕ್ಕೆ ಮಡಿಕೇರಿ ಕೋಟೆ ಮೇಲೆ ಬಾವುಟ ಏರಿಸಿತು, ಆಗಿನ ರಾಜ ಚಿಕ್ಕವೀರರಾಜೇಂದ್ರ ಶರಣಾದ, ಮೇ 7ಕ್ಕೆ ಕೊಡಗು ಕಂಪನಿಗೆ ಸೇರ್ತು ಅಂತ ಘೋಷಣೆ ಆಯ್ತು. ನಮ್ಮ ಹಿರಿಯರು ತೋಡಿದ ಕಡಂಗಗಳು, ಅಂದ್ರೆ ಶತ್ರುವನ್ನ ತಡೆಯೋ ಕಂದಕಗಳು, ಇವತ್ತೂ ತೋಟಗಳ ನಡುವೆ ಇದಾವೆ, ಮೈಲಿಗಟ್ಲೆ ಉದ್ದ, ಆಳುದ್ದಕ್ಕಿಂತ ಆಳ. ಜೆಸಿಬಿ ಬಂದ ಮೇಲೆ ಒಂದೊಂದೇ ಮುಚ್ಚಿ ಹೋಗ್ತಿದಾವೆ, ಗಿಡ ಹಾಕೋಕೆ ಜಾಗ ಆಗತ್ತೆ ಅಂತ. ಕೋಟೆ ಅಂದ್ರೆ ಕಲ್ಲಿನದ್ದೇ ಆಗ್ಬೇಕಿಲ್ಲ, ಆ ಕಡಂಗಗಳೇ ಕೊಡಗಿನ ಕೋಟೆ. ಅವನ್ನ ಉಳಿಸಿ ಅಂತ ತೋಟದ ಮಾಲೀಕರನ್ನ ಕೈ ಮುಗಿದು ಕೇಳ್ಕೊಳ್ತೀನಿ.

ಮತ್ತೆ ಕಣ್ಣೂರಿಗೆ. ಕೊಡಗೂ ಬ್ರಿಟಿಷರ ಕೈಗೆ ಬಂದ ಮೇಲೆ ಕಣ್ಣೂರಿನ ತೋಪುಗಳಿಗೆ ಶತ್ರುನೇ ಇಲ್ಲದಂಗಾಯ್ತು. ಒಳನಾಡೆಲ್ಲ ಅವರದ್ದೇ, ಸಮುದ್ರಾನೂ ಅವರದ್ದೇ. ಅಷ್ಟರಲ್ಲಿ ತೋಪಿನ ವಿದ್ಯೆಯೂ ಬದಲಾಗಿ ಕೊಳವೆ ಒಳಗೆ ಸುರುಳಿ ಗೀರು ಹಾಕಿ ಉದ್ದ ಗುಂಡು ಹೊಡೆಯೋ ಕಾಲ ಬಂತು, ಹಡಗಿಗೆ ಉಕ್ಕಿನ ಮೈ ಬಂತು, ಹಳೇ ಕಬ್ಬಿಣದ ತೋಪು ಸಲಾಮಿಗೆ ಮಾತ್ರ ಆಯ್ತು. ಕೆಲವು ವರ್ಷದ ಹಿಂದೆ ಪುರಾತತ್ವ ಇಲಾಖೆಯವರು ಆ ಕೋಟೆ ಒಳಗೆ ಅಗೆದಾಗ ಸಾವಿರಾರು ಕಬ್ಬಿಣದ ಗುಂಡುಗಳು ಮಣ್ಣೊಳಗೆ ಸಿಕ್ಕಿದ್ವಲ್ಲ, ನ್ಯೂಸಲ್ಲಿ ನೋಡಿ ನನಗಂತೂ ಎರಡು ದಿನ ನಿದ್ದೆ ಬರ್ಲಿಲ್ಲ ಅಷ್ಟು ಖುಷಿ. ಚಿಕ್ಕದು ದೊಡ್ಡದು ಬೇರೆ ಬೇರೆ ಸೈಜು. ಅಳತೆ ಬೇರೆ ಅಂದ್ರೆ ತೋಪೂ ಬೇರೆ ಬೇರೆ ಇದ್ವು ಅಂತ ಅರ್ಥ, ಒಂದೊಂದನ್ನೂ ತೂಗಿ ಅಳೆದು ಲೆಕ್ಕ ಹಾಕಿದ್ರೆ ಆ ಬ್ಯಾಟರಿಯಲ್ಲಿ, ಅಂದ್ರೆ ತೋಪಿನ ಸಾಲಲ್ಲಿ, ಎಂಥೆಂಥ ತೋಪು ಇದ್ವು ಅಂತ ಗುಂಡೇ ಹೇಳತ್ತೆ. ಗುಡ್ಡೆ ಹಾಕಿ ಬೋರ್ಡ್ ಹಚ್ಚಿದ್ರೆ ಸಾಲ್ದು.

ಹಳೇ ಕರಾವಳಿ ತೋಪುಗಳ ಕಾಲ ಮುಗಿದು ಹೋಯ್ತು ಅಂತ ಇಡೀ ದಕ್ಷಿಣ ಭಾರತಕ್ಕೆ ಗೊತ್ತಾಗಿದ್ದು 1914ರ ಸೆಪ್ಟೆಂಬರ್ 22ರ ರಾತ್ರಿ. ಜರ್ಮನಿಯ ಎಮ್ಡೆನ್ ಅನ್ನೋ ಒಂದೇ ಒಂದು ಹಡಗು ಮದ್ರಾಸಿನ ಮುಂದೆ ಬಂದು ನಿಂತು ನೂರಕ್ಕಿಂತ ಜಾಸ್ತಿ ಶೆಲ್ ಹೊಡೆದು ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಇಟ್ಟು ಹೊರಟು ಹೋಯ್ತು. ದಡದ ಬ್ಯಾಟರಿ ತಿರುಗಿ ಹೊಡೀತು, ಒಂದೂ ತಾಗ್ಲಿಲ್ಲ. ಆಮೇಲೆ ವಿಮಾನ ಬಂತು, ಕ್ಷಿಪಣಿ ಬಂತು, ಇಂಗ್ಲೆಂಡಿನವರೇ 1956ರಲ್ಲಿ ತಮ್ಮ ಕರಾವಳಿ ತೋಪ್‌ಖಾನೆ ಮುಚ್ಚಿದ್ರು.

ನಮ್ಮ ಕರ್ನಾಟಕದ ಕರಾವಳಿಯಲ್ಲೇ ಮಂಗಳೂರಿನ ಬೋಳೂರಿನ ಸುಲ್ತಾನ್ ಬತ್ತೇರಿ ಇದೆ, 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಗುರುಪುರ ಹೊಳೆಗೆ ಶತ್ರು ಹಡಗು ನುಗ್ಗದ ಹಾಗೆ. ಚಿಕ್ಕದು, ಕರಿಕಲ್ಲಿಂದು, ಕೆಳಗೆ ಮದ್ದು ಇಡೋಕೆ ನೆಲಮಾಳಿಗೆ. ಅದರ ಬಗ್ಗೆ ಬೇರೇನೇ ಬರೀಬೇಕು, ಇಲ್ಲಿ ಬೇಡ.

ಕೊಡಗಿನೋರಿಗೆ ತೋಪು ಯಾಕೆ ಅಂತ ಕೇಳೋರಿಗೂ ಒಂದು ಮಾತು. ಕೈಲ್‌ಪೋಳ್ದ್ ಅನ್ನೋ ಆಯುಧ ಪೂಜೆ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡೋ ನಾಡಿದು. 1942ರಲ್ಲಿ ಕೂರ್ಗ್ ಬೆಟಾಲಿಯನ್ ಅಂತ ಇನ್‌ಫೆಂಟ್ರಿ ಪಲ್ಟನ್ ಕಟ್ಟಿ, ಆಮೇಲೆ ಅದನ್ನ ತೋಪ್‌ಖಾನೆಗೆ ಬದಲಾಯ್ಸಿ ಆಂಟಿ ಟ್ಯಾಂಕ್ ರೆಜಿಮೆಂಟ್ ಮಾಡಿದ್ರು, ಕೂರ್ಗ್ ಅನ್ನೋ ಹೆಸರು ಭಾರತೀಯ ತೋಪ್‌ಖಾನೆಯೊಳಗೆ ಹೋಗಿದ್ದು ಹಾಗೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಎಲ್ಲರಿಗೂ ಗೊತ್ತು, ಗೊತ್ತಿರ್ಲೇಬೇಕು, ಆದ್ರೆ ನಾಸಿಕ್ ರೋಡ್ ಕ್ಯಾಂಪಲ್ಲಿ ಗನ್ ಡ್ರಿಲ್ ಕಲಿತು ಬಂದ ಸಾವಿರಾರು ಸಾಮಾನ್ಯ ಗನ್ನರ್‌ಗಳೂ ಈ ಜಿಲ್ಲೆಯಲ್ಲಿ ಇದಾರೆ. ಇನ್ನೊಂದು ಸಂಗತಿ, ಪೆನ್ಷನ್ ಬಂದ ಮೇಲೆ ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರೋ ನಮ್ಮ ಮಾಜಿ ಸೈನಿಕರು ಹೋಗೋದು ಇದೇ ಕಣ್ಣೂರಿಗೆ, ಡಿಎಸ್‌ಸಿ ಸೆಂಟರ್ ಇರೋದು ಅಲ್ಲೇ. ಔಟ್‌ಪಾಸ್ ಸಿಕ್ಕಿದ ದಿನ ಆ ಕೋಟೆ ಮೇಲೆ ಹೋಗಿ ಕೂತು ಬಂದವರು ನಮ್ಮ ಒಂದೊಂದು ಊರಲ್ಲೂ ಸಿಗ್ತಾರೆ, ಕೇಳಿ ನೋಡಿ.

ಹಾಗಾಗಿ ನನ್ನ ಬೇಡಿಕೆ ಏನಂದ್ರೆ, ಪೆರುಂಬಾಡಿಯಲ್ಲೋ ಮಾಕುಟ್ಟದಲ್ಲೋ ರಸ್ತೆ ಪಕ್ಕ ಒಂದು ಗಟ್ಟಿ ಕಲ್ಲಿನ ಫಲಕ ಹಾಕ್ಬೇಕು, 1791ರಲ್ಲಿ ಈ ದಾರಿಯಲ್ಲಿ ತೋಪು ಹತ್ತಿತು, 1834ರಲ್ಲಿ ಇಲ್ಲೇ ನಮ್ಮೋರು ತಡೆದು ನಿಂತ್ರು ಅಂತ, ಕನ್ನಡದಲ್ಲಿ, ಮಲಯಾಳದಲ್ಲಿ, ಇಂಗ್ಲಿಷಲ್ಲಿ. ಅದು ಅರಣ್ಯದ ಜಾಗ, ಪರ್ಮಿಷನ್ ತೊಂದ್ರೆ ಅಂತಾರೆ, ಹಾಗಾದ್ರೆ ವಿರಾಜಪೇಟೆ ಪೇಟೆ ಒಳಗೇ ಹಾಕಿ. ಮಡಿಕೇರಿ ಸನ್ನಿಸೈಡಲ್ಲಿ ಜನರಲ್ ತಿಮ್ಮಯ್ಯ ಮ್ಯೂಸಿಯಂ 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟನೆ ಮಾಡಿ ಹೋದ್ರು, ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಬರ್ತಾರೆ, ಅಲ್ಲಿ ಒಂದು ಗೋಡೆ ಈ ಘಾಟಿಯ ನಕ್ಷೆಗೆ ಕೊಡ್ಲಿ: ಕೆಳಗೆ ಸಮುದ್ರ, ಕಣ್ಣೂರು, ತಲಶ್ಶೇರಿ, ಮಧ್ಯೆ ಹೆಗ್ಗಳ, ಮೇಲೆ ವಿರಾಜಪೇಟೆ, ಸಿದ್ದೇಶ್ವರ, ಪಿರಿಯಾಪಟ್ಟಣ. ಪಕ್ಕದಲ್ಲಿ ಎಂಟು ಕೆಜಿ ಕಬ್ಬಿಣದ ಗುಂಡೊಂದನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡದೆ ಕೈಯಲ್ಲಿ ಎತ್ತಿ ನೋಡೋ ಹಾಗೆ ಇಡ್ಲಿ. ಒರಿಜಿನಲ್ ಬೇಡ, ಹಾಗೇ ಎರಕ ಹೊಯ್ಸಿದ್ದು ಸಾಕು. ಒಂದು ಸಲ ಎತ್ತಿದ ಮಗು ಮರೆಯಲ್ಲ. ಕಣ್ಣೂರು ಕೋಟೆಯಲ್ಲೂ ಪುರಾತತ್ವ ಇಲಾಖೆಯವರು ಕೊಡಗಿನ ಭಾಗ ಸೇರ್ಸಿ ಕನ್ನಡದಲ್ಲಿ ನಾಲ್ಕು ಸಾಲು ಹಾಕಿದ್ರೆ ಅಲ್ಲಿಗೆ ಬರೋ ಕನ್ನಡಿಗರಿಗೆ, ಮುಖ್ಯವಾಗಿ ಕೊಡಗು ಮೈಸೂರಿನವರಿಗೆ, ಉಪಕಾರ ಆಗತ್ತೆ.

ನಿಮ್ಮ ಪತ್ರಿಕೆಯಿಂದ ಆಗ್ಬೇಕಾದ್ದೂ ಒಂದಿದೆ. ಆ ಪ್ರವಾಸ ಲೇಖನಕ್ಕೆ ಎರಡನೇ ಭಾಗ ಅಂತ ಮಾಡಿ, ವಿರಾಜಪೇಟೆಯಿಂದ ಶುರು ಮಾಡಿ ಘಾಟಿ ಇಳೀತಾ ಇಳೀತಾ ಈ ಚರಿತ್ರೆ ಹೇಳಿ. ನಿಮ್ಮ ವರದಿಗಾರರು ಬರೋದಾದ್ರೆ ಹೆಗ್ಗಳ ಕಡೆ ತೋರ್ಸೋಕೆ ನಾನು ಜೊತೆಗೆ ಬರ್ತೀನಿ, ಊರಲ್ಲಿ ಇನ್ನೂ ಇಬ್ಬರು ಮೂವರು ಹಳೇ ಗನ್ನರ್‌ಗಳಿದಾರೆ ಅವರೂ ಬರ್ತಾರೆ. ಮಳೆಗಾಲ ಶುರುವಾಗೋಕೆ ಮುಂಚೆ ಆದ್ರೆ ಒಳ್ಳೇದು, ಆಮೇಲೆ ಜಿಗಣೆ ಕಾಟ, ರೋಡೂ ನೆಚ್ಚೋ ಹಾಗಿರಲ್ಲ.

ಇಂತಿ ತಮ್ಮ ಓದುಗ,
ಒಬ್ಬ ಮಾಜಿ ಗನ್ನರ್
ವಿರಾಜಪೇಟೆ ತಾಲ್ಲೂಕು, ಕೊಡಗು